ಇಥಿಯೋಪಿಯದ ಗಡಿಯಾರ

ವಳಸಂಗದ ನಮ್ಮ ಶಾಲೆಯಲ್ಲಿ ಕಲಿತವನೊಬ್ಬನು ಇಂಗ್ಲಿಷ್ ಶಿಕ್ಷಕನಾಗಿ ಇಥಿಯೋಪಿಯಕ್ಕೆ ಹೊರಟಾಗ ನನ್ನಲ್ಲಿಗೆ ಬಂದು, ಯಾವ ವ್ಯಾಕರಣ ಗ್ರಂಥವನ್ನು ಒಯ್ಯಲೆಂದು ಕೇಳಿದನು. ನಾನೋ ಕನ್ನಡ ಮಾಧ್ಯಮದ ಮೆಟ್ರಿಕ್! ವ್ಯಾಕರಣಕ್ಕಿಂತ ಮೊದಲು ಆ ದೇಶದ ಗಡಿಯಾರವನ್ನು ಅರಿತುಕೊ ಎಂದೆನು.

ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ (1930–1974) ಭಾರತದ ಅನೇಕ ಶಿಕ್ಷಕರು ಅಲ್ಲಿ ದುಡಿದರು. ಹಾಗೆ ಹೋಗಿಬಂದ ಹಿರಿಯರೊಬ್ಬರಿಂದ ನಾನು ಕೇಳಿದ್ದಿದು. ಅಲ್ಲಿಯ ಜನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ. ಬೆಳಿಗ್ಗೆ 8ಕ್ಕೆ ಹುಡುಗನು ‘ಟೂ ಓ ಕ್ಲಾಕ್’ ಎಂದರೆ ಅವನ ಇಂಗ್ಲಿಷ್ ತಪ್ಪಿಲ್ಲ, ಗಡಿಯಾರ ಬೇರೆ. ವರ್ಷಕ್ಕೆ 13 ತಿಂಗಳು. ಕೊನೆಯದಕ್ಕೆ 5 ಅಥವಾ 6 ದಿನ ಮಾತ್ರ. (ಸಂಬಳ ಯಾವ ಲೆಕ್ಕದಲ್ಲೆಂದು ಮೊದಲೇ ಕೇಳಿಕೊಳ್ಳುವುದು ಮೇಲು!) ಆದರೆ ಅಮ್ಹಾರಿಕ್ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಸ್ವರಕ್ಕೆ ತಕ್ಕಂತೆ 7 ರೂಪಗಳು, ಕಾಗುಣಿತ ಬಲ್ಲ ಕನ್ನಡಿಗನಿಗೆ ಅದು ತೀರ ಪರಕೀಯವೆನಿಸದು.

ಈ ವಿವೇಕ ನನಗೆ ಬಂದದ್ದು ತಡವಾಗಿ. ಇದೇ ಶಿಷ್ಯನು ಬಾಲಕನಾಗಿದ್ದಾಗ ದೊಡ್ಡಪ್ಪನ ಮಗನನ್ನು ‘ಬ್ರದರ್’ ಎಂದು ಬರೆದಿದ್ದನು. ಕೆಂಪು ಶಾಯಿಯಿಂದ ಗೀಟೆಳೆದು ಅಂಕ ಕಳೆದಿದ್ದೆನು. ನಮ್ಮ ಮನೆಗಳಲ್ಲಿ ಅವನು ಅಣ್ಣನೇ ಅಲ್ಲವೆ? ಅದನ್ನು ವಿವರಿಸಿ ‘ಕಸಿನ್’ ಶಬ್ದವನ್ನು ಕಲಿಸಬೇಕಾಗಿತ್ತು, ಕಲಿಸಲಿಲ್ಲ.

ಆ ಗೀಟು ಅವನಿಗೆ ಇನ್ನೂ ನೆನಪಿತ್ತು.