ಅಂಜುವ ಮರಿಯ ಸ್ನೇಹ

ಬೆಕ್ಕು ಸಾಕುವುದರಲ್ಲಿ ಕಲಿಯಬೇಕಾದದ್ದೇನಿದೆ ಎಂದು ಕೇಳುವವರುಂಟು. ಹಾಲನ್ನ ಕಲಸಿಟ್ಟರೆ ಅದು ತಾನಾಗಿಯೇ ಮನೆಯದಾಗುತ್ತದೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ನಂಬಿಕೆ. ಮನೆಯ ಅಟ್ಟದಲ್ಲಿಯೇ ಹುಟ್ಟಿ, ತಾಯಿಯ ಹಿಂದೆ ಇಳಿದುಬಂದು, ಹಜಾರದ ಮಕ್ಕಳ ನಡುವೆ ಆಡಿ ಬೆಳೆದ ಮರಿಯ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಮಾರುಕಟ್ಟೆಯ ಮೂಲೆಯಲ್ಲಿಯೋ ಪಾಳುಗೋಡೆಯ ಸಂದಿಯಲ್ಲಿಯೋ ಹುಟ್ಟಿ, ಚೀಲದಲ್ಲಿ ಮುದುಡಿ ಕುಳಿತು ನಮ್ಮ ಮನೆಗೆ ಬಂದ ಮರಿಯ ಕಥೆ ಬೇರೆ. ಚೀಲದ ಬಾಯಿ ಬಿಚ್ಚಿದ ಕ್ಷಣವೇ ಅದು ಬೀರುವಿನ ಹಿಂದೆ ನುಗ್ಗಿ ಅವಿತುಕೊಳ್ಳುತ್ತದೆ. ಕರೆದರೆ ಬಾರದು, ಕೈಯೊಡ್ಡಿದರೆ ಬುಸುಗುಟ್ಟುತ್ತದೆ. ಎರಡು ದಿನ ಕಾದು, 'ಇದು ಒಗ್ಗುವ ಜಾತಿಯದಲ್ಲ' ಎಂದು ತೀರ್ಮಾನಿಸಿ, ಅದೇ ಚೀಲದಲ್ಲಿ ಕೊಂಡೊಯ್ದು ಎಲ್ಲಿಯೋ ಬಿಟ್ಟುಬರುವವರಿದ್ದಾರೆ. ತಾಯಿಯೂ ಇಲ್ಲದ, ಬೇಟೆಯೂ ತಿಳಿಯದ ಮರಿಯ ಪಾಲಿಗೆ ಆ ತೀರ್ಮಾನ ಬಹುಮಟ್ಟಿಗೆ ಮರಣಶಾಸನವೇ ಸರಿ. ಆದ್ದರಿಂದ ಆ ಮೊದಲ ದಿನಗಳ ಅಂಜಿಕೆಯ ಅರ್ಥವೇನು, ಅದನ್ನು ಕಳೆಯುವ ಬಗೆ ಯಾವುದು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮರಿಯ ಅಂಜಿಕೆಗೆ ಕಾರಣಗಳು ಅದು ನಮ್ಮ ಹೊಸ್ತಿಲನ್ನು ತುಳಿಯುವ ಮೊದಲೇ ಸಿದ್ಧವಾಗಿರುತ್ತವೆ. ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗಿನ ಕಾಲ ಬೆಕ್ಕಿನ ಬಾಳಿನಲ್ಲಿ ನಿರ್ಣಾಯಕವಾದದ್ದು. ಯಾವುದು ಸಹಜ, ಯಾವುದು ಭಯಂಕರ ಎಂಬುದನ್ನು ಅದು ಆಗಲೇ ಕಲಿಯುತ್ತದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬ ವಿದುಷಿ 1980ರ ದಶಕದಲ್ಲಿ ಈ ಕುರಿತು ಪ್ರಯೋಗಗಳನ್ನು ನಡೆಸಿದರು. ಎಳವೆಯಲ್ಲಿ ದಿನಕ್ಕೆ 40 ನಿಮಿಷ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು, 15 ನಿಮಿಷ ಮಾತ್ರ ಆಡಿದವುಗಳಿಗಿಂತ ಹೆಚ್ಚು ಸಲಿಗೆಯಿಂದ ಮನುಷ್ಯರ ಬಳಿ ನಿಲ್ಲುವುದನ್ನು ಅವರು ಕಂಡರು. ಹುಟ್ಟುಗುಣದ ಪಾಲೂ ಇಲ್ಲದಿಲ್ಲ. ಸ್ನೇಹಶೀಲವಾದ ಗಂಡುಬೆಕ್ಕಿನ ಮರಿಗಳು ಹೊಸತನ್ನು ಕಂಡಾಗ ಹೆಚ್ಚು ಧೈರ್ಯ ತೋರುತ್ತವೆ ಎಂದು ಸಾಂಡ್ರಾ ಮೆಕ್ಯೂನ್ ಎಂಬುವರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಹೀಗಿರುವಾಗ ಬೀರುವಿನ ಹಿಂದೆ ಅವಿತ ಮರಿಯನ್ನು ಕೃತಘ್ನ ಎಂದು ಕರೆಯುವುದು ನ್ಯಾಯವಲ್ಲ. ಮನುಷ್ಯನ ಪರಿಚಯವಾಗಬೇಕಾಗಿದ್ದ ವಾರಗಳಲ್ಲಿ ಅದಕ್ಕೆ ಆ ಪರಿಚಯ ದೊರೆತಿಲ್ಲ, ಅಷ್ಟೆ. ತಡವಾಗಿ ಕಲಿಯುವ ಮರಿಗೆ ಪಾಠ ನಿಧಾನವಾಗಿ ನಡೆಯಬೇಕು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟ ಬೆಕ್ಕು ಮತ್ತೆ ಹಾಲಿನ ಬಟ್ಟಲನ್ನು ಕಂಡೊಡನೆ ಓಟ ಕಿತ್ತಿತು. ನಾವು ಆ ಕಥೆಯನ್ನು ಕೇಳಿ ರಾಮಕೃಷ್ಣನ ಜಾಣ್ಮೆಗೆ ನಗುತ್ತೇವೆ. ಬೆಕ್ಕಿನ ಸ್ವಭಾವವನ್ನು ಅದು ಎಷ್ಟು ಸರಿಯಾಗಿ ಹಿಡಿದಿದೆ ಎಂಬುದನ್ನು ಗಮನಿಸುವುದಿಲ್ಲ. ಅಡಗಿದ ಮರಿಯನ್ನು ಪೊರಕೆಯ ಹಿಡಿಯಿಂದ ತಿವಿದು ಹೊರಡಿಸಿ, ಎದೆಗವಚಿಕೊಂಡು ಮುದ್ದಿಸಿದರೆ, ನಮ್ಮ ಪ್ರೀತಿಯೇ ಅದರ ಪಾಲಿಗೆ ಆ ಕುದಿಯುವ ಹಾಲಾಗುತ್ತದೆ. ಒಂದು ಗಳಿಗೆಯ ಅವಸರವನ್ನು ಸರಿಪಡಿಸಲು ವಾರಗಳೇ ಬೇಕಾಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಕೆಲವು ದಿನ ಇಡೀ ಮನೆಯನ್ನು ಅದರ ಮುಂದೆ ತೆರೆದಿಡಬಾರದು. ಗದ್ದಲವಿಲ್ಲದ ಒಂದು ಚಿಕ್ಕ ಕೋಣೆ ಸಾಕು. ಕೈಗೆಟುಕದ ಸಂದಿಗಳನ್ನು ಮೊದಲೇ ಮುಚ್ಚಿ, ಅವುಗಳ ಬದಲಿಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿಸಿ, ಒಳಗೆ ಹಳೆಯ ಬಟ್ಟೆ ಹಾಸಿ ಇಡಬೇಕು. ಒಂದು ಮೂಲೆಯಲ್ಲಿ ನೀರು, ಆಹಾರ. ದೂರದ ಇನ್ನೊಂದು ಮೂಲೆಯಲ್ಲಿ ಮರಳು ತುಂಬಿದ ತಟ್ಟೆ. ಅಡಗುತಾಣ ಕೊಟ್ಟರೆ ಮರಿ ಅಲ್ಲಿಯೇ ಉಳಿದುಬಿಡುವುದಿಲ್ಲವೇ ಎಂದು ಕೆಲವರು ಶಂಕಿಸುತ್ತಾರೆ. ನೆದರ್ಲೆಂಡ್ಸಿನ ಪ್ರಾಣಿಪಾಲನಾ ಕೇಂದ್ರವೊಂದರಲ್ಲಿ ನಡೆದು, 2014ರಲ್ಲಿ ಪ್ರಕಟವಾದ ಪರೀಕ್ಷೆ ಈ ಶಂಕೆಗೆ ಉತ್ತರ ಕೊಡುತ್ತದೆ: ಅಡಗಲು ಪೆಟ್ಟಿಗೆಯಿದ್ದ ಹೊಸ ಬೆಕ್ಕುಗಳು, ಪೆಟ್ಟಿಗೆಯಿಲ್ಲದವುಗಳಿಗಿಂತ ಬೇಗ ಶಾಂತವಾದವು. ಬೆನ್ನಿಗೆ ರಕ್ಷಣೆಯಿದ್ದಾಗ ಮಾತ್ರ ಮರಿ ಧೈರ್ಯವಾಗಿ ನಮ್ಮನ್ನು ನೋಡಬಲ್ಲದು.

ಇನ್ನು ಸಾಕುವವರ ಕೆಲಸ. ದಿನಕ್ಕೆ ಎರಡು ಮೂರು ಸಲ ಆ ಕೋಣೆಯ ನೆಲದ ಮೇಲೆ, ಮರಿಗೆ ಎದುರಾಗದೆ ಪಕ್ಕಕ್ಕೆ ತಿರುಗಿ ಸುಮ್ಮನೆ ಕುಳಿತಿರಬೇಕು. ನಿಂತ ಮನುಷ್ಯ ಅಂಗೈಯಗಲದ ಪ್ರಾಣಿಯ ಕಣ್ಣಿಗೆ ಬೆಟ್ಟದಂತೆ ತೋರುತ್ತಾನೆ. ಪತ್ರಿಕೆಯನ್ನೋ ಪುಸ್ತಕವನ್ನೋ ಮೆಲುದನಿಯಲ್ಲಿ ಓದುತ್ತಿದ್ದರೆ ಇನ್ನೂ ಒಳ್ಳೆಯದು. ಸಾಹಿತ್ಯಾಸಕ್ತರಿಗೆ ಇದು ಕಷ್ಟದ ಕೆಲಸವೇನಲ್ಲ. ಮರಿಗೆ ನಮ್ಮ ದನಿಯ ಗುರುತಾಗುತ್ತದೆ. ಜಪಾನಿನ ಸಂಶೋಧಕರು 2013ರಲ್ಲಿ 20 ಸಾಕುಬೆಕ್ಕುಗಳನ್ನು ಪರೀಕ್ಷಿಸಿ, ಅವು ಕಣ್ಣಿಗೆ ಕಾಣದ ಒಡೆಯನ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ತೋರಿಸಿದರು. ಗುರುತಿಸಿದ ಬೆಕ್ಕುಗಳು ಎದ್ದು ಓಡಿಬರಲಿಲ್ಲ; ಕಿವಿ ನಿಮಿರಿಸಿದವು, ತಲೆ ತಿರುಗಿಸಿದವು, ಅಷ್ಟೆ. ಬೆಕ್ಕಿನ ಪ್ರೀತಿಯನ್ನು ನಾಯಿಯ ಬಾಲದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಮರಿಯ ಕಣ್ಣಿನಲ್ಲಿ ಕಣ್ಣಿಟ್ಟು ದಿಟ್ಟಿಸುವುದು ಸಲ್ಲದು. ಪ್ರಾಣಿಗಳ ಭಾಷೆಯಲ್ಲಿ ಅದು ಬೆದರಿಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಾವು ಗಾದೆಯಲ್ಲಿ ಅದನ್ನು ಹಂಗಿಸುತ್ತೇವೆ. ಆದರೆ ನಮ್ಮ ಮುಂದೆ ಅದು ಅರೆಗಣ್ಣಾಗಿ ನಿಧಾನವಾಗಿ ರೆಪ್ಪೆ ಮುಚ್ಚಿದರೆ, ಅದು ನೆಮ್ಮದಿಯ ಗುರುತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರು ಹಾಗೆಯೇ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಬೆಕ್ಕುಗಳು ಪ್ರತಿಯಾಗಿ ಕಣ್ಣು ಕಿರಿದಾಗಿಸುತ್ತವೆ. ಅಪರಿಚಿತರ ಕೈಯ ಬಳಿಗೂ ಹೆಚ್ಚಾಗಿ ಬರುತ್ತವೆ. ಕೈ ನೀಡುವಾಗ ತಲೆಯ ಮೇಲಿನಿಂದ ಇಳಿಸದೆ, ಅದರ ಮೂಗಿನ ಮಟ್ಟದಲ್ಲಿ ಒಂದು ಬೆರಳನ್ನು ಚಾಚಿ ನಿಲ್ಲಿಸಬೇಕು. ಅದು ಮೂಸಿ, ಕೆನ್ನೆಯನ್ನು ಬೆರಳಿಗೆ ಉಜ್ಜಿದರೆ ಅನುಮತಿ ದೊರೆತಂತೆ. ಅದರ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜುವುದರ ಮೂಲಕ ಅದು ನಮ್ಮನ್ನು ತನ್ನ ಪರಿಚಿತರ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆಗ ಕೆನ್ನೆ, ಗದ್ದ, ಕಿವಿಯ ಬುಡವನ್ನು ಮೆಲ್ಲನೆ ಸವರಬಹುದು. ಹೊಟ್ಟೆ, ಬಾಲಗಳ ಗೊಡವೆ ಬೇಡ. ಉದ್ದನೆಯ ದಾರಕ್ಕೆ ಕಾಗದದ ಚೂರು ಕಟ್ಟಿ ಎಳೆದಾಡಿಸಿದರೆ ಎಷ್ಟೋ ಮರಿಗಳು ಭಯವನ್ನು ಮರೆತು ಹೊರಬರುತ್ತವೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಬೇಕು, ನುಂಗಿದರೆ ಅಪಾಯ.

ಒಂದೆರಡು ಎಚ್ಚರಿಕೆಯ ಮಾತುಗಳು. ಇಡೀ ದಿನ ಏನನ್ನೂ ಮುಟ್ಟದ ಮರಿಯನ್ನು ನಾಚಿಕೆಯ ಮರಿ ಎಂದುಕೊಂಡು ಕಾಯಬಾರದು, ಪಶುವೈದ್ಯರಿಗೆ ತೋರಿಸಬೇಕು. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ತರಿಸುತ್ತದೆ. ಮಾಂಸಾಹಾರಿಯಾದ ಈ ಪ್ರಾಣಿಗೆ ಬರಿಯ ಹಾಲನ್ನ ಸಾಲದು. ಮರಿ ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಶ್ರೀವೈಷ್ಣವ ಚಿಂತಕರು ಶರಣಾಗತಿಯನ್ನು ವಿವರಿಸುವಾಗ ಮಾರ್ಜಾಲಕಿಶೋರ ನ್ಯಾಯವೆಂಬ ದೃಷ್ಟಾಂತವನ್ನು ಬಳಸಿದರು. ಕೋತಿಯ ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿ ಮೈಯನ್ನು ಸಡಿಲಬಿಟ್ಟು ತಾಯಿಯ ಬಾಯಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಚೀಲದಲ್ಲಿ ಬಂದ ಮರಿಗೆ ಆ ಬಾಯಿ ತಪ್ಪಿಹೋಗಿದೆ. ಅದು ಮತ್ತೊಮ್ಮೆ ಯಾರನ್ನಾದರೂ ನಂಬುವುದು ಸಾಧ್ಯವೇ? ಸಾಧ್ಯವೆಂದೇ ನಾನು ಬಲ್ಲೆ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮರಿಗಳನ್ನು ಹೊಸ ಕೋಣೆಯಲ್ಲಿ ಎರಡು ನಿಮಿಷ ಒಂಟಿಯಾಗಿ ಬಿಟ್ಟು, ಬಳಿಕ ಸಾಕಿದವರನ್ನು ಒಳಗೆ ಕಳುಹಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಶೇಕಡ 64ರಷ್ಟು ಮರಿಗಳು ಸಾಕಿದವರ ಸನ್ನಿಧಿಯಿಂದಲೇ ಸಮಾಧಾನ ಪಡೆದು, ಮತ್ತೆ ಕೋಣೆಯನ್ನು ಸುತ್ತಿ ನೋಡತೊಡಗಿದವು. ಕೆಲವು ಮರಿಗಳಿಗೆ ಈ ನಂಬಿಕೆ ಬರಲು ನಾಲ್ಕು ದಿನ ಸಾಕು. ಕೆಲವಕ್ಕೆ ತಿಂಗಳುಗಳೇ ಬೇಕು. ಮಡಿಲಿಗೆ ಎಂದೂ ಏರದೆ, ಒಂದು ಮೊಳ ದೂರದಲ್ಲಿ ಕುಳಿತು ಕಣ್ಣು ಮುಚ್ಚುವ ಬೆಕ್ಕುಗಳೂ ಉಂಟು. ಆ ಒಂದು ಮೊಳವನ್ನು ಅದಕ್ಕೇ ಬಿಟ್ಟುಕೊಟ್ಟು ಬಾಳುವುದೂ ಸ್ನೇಹವೇ. ಹೊಸ ಮರಿ ಬೀರುವಿನ ಹಿಂದೆ ಅವಿತಿರುವ ಮನೆಗಳವರು ಇದನ್ನು ಓದುತ್ತಿದ್ದರೆ ನನ್ನ ಬಿನ್ನಹ ಇಷ್ಟೇ: ತಂದ ಚೀಲವನ್ನು ಮಡಿಸಿ ಅಟ್ಟಕ್ಕೆ ಹಾಕಿರಿ, ಮರಿಗೆ ಇನ್ನೂ ಕೆಲವು ವಾರ ಕೊಡಿರಿ.