ಕಥೆ ಮುಗಿದ ಮೇಲೂ ಗೇಮ್ ಸರಣಿ ಮುಂದುವರಿಯಬೇಕೇ?

ಗೇಮ್ ಸರಣಿಯೊಂದರ ಮುಖ್ಯ ಕಥೆ ಮುಗಿದರೂ ಅದರ ಹೆಸರಿಗೆ ಮಾರುಕಟ್ಟೆ ಇದ್ದೇ ಇರುತ್ತದೆ. ಆಗ ತಯಾರಕರ ಮುಂದೆ ಮೂರು ದಾರಿ: ಹಿಂದಿನ ಕಥೆ ಹೇಳುವುದು, ಹೊಸ ನಾಯಕನನ್ನು ತರುವುದು, ಹಳೆಯ ನಾಯಕನನ್ನೇ ಹೊಸ ಲೋಕಕ್ಕೆ ಒಯ್ಯುವುದು.

‘ಗಾಡ್ ಆಫ್ ವಾರ್’ ಶುರುವಾದದ್ದು 2005ರಲ್ಲಿ. ನಾಯಕ ಕ್ರೇಟೋಸ್‌ಗೆ ಗ್ರೀಕ್ ದೇವತೆಗಳ ಮೇಲಿದ್ದ ಸೇಡು 2010ರ ಮೂರನೇ ಭಾಗದಲ್ಲಿ ದೇವರಾಜ ಜ್ಯೂಸ್‌ನ ಸಾವಿನೊಂದಿಗೆ ತೀರಿತು. 2013ರ ‘ಅಸೆನ್ಶನ್’ ಹಿಂದಿನ ಕಥೆಗೆ ಮರಳಿತು. ಆಟದ ರೀತಿ ಹಳೆಯದೇ; ನಾಯಕ ಬದುಕುಳಿಯುತ್ತಾನೆಂಬುದೂ ಮೊದಲೇ ಗೊತ್ತು. ಹಾಗಾಗಿ ಕುತೂಹಲ ಉಳಿಯಲಿಲ್ಲ.

2018ರ ಗೇಮ್‌ನಲ್ಲಿ ಚಿತ್ರವೇ ಬದಲಾಯಿತು. ನಾರ್ಸ್ ಪುರಾಣದ ಹಿಮನಾಡು, ಗಡ್ಡ ಬಿಟ್ಟ ಕ್ರೇಟೋಸ್, ಜೊತೆಗೆ ಮಗ ಅಟ್ರೇಯಸ್. ಎಸೆದರೆ ಕೈಗೇ ಮರಳುವ ಕೊಡಲಿ. ಕ್ಯಾಮೆರಾ ನಾಯಕನ ಹೆಗಲ ಹಿಂದೆ; ಆರಂಭದಿಂದ ಕೊನೆಯವರೆಗೆ ಒಂದೇ ಶಾಟ್. ಹೆಂಡತಿಯ ಚಿತಾಭಸ್ಮವನ್ನು ಅತಿ ಎತ್ತರದ ಶಿಖರದಲ್ಲಿ ಚೆಲ್ಲುವುದೇ ಗುರಿ. ದಾರಿಯುದ್ದಕ್ಕೂ ಮಗನಿಂದ ಮುಚ್ಚಿಟ್ಟ ಹಳೆಯ ಪಾಪಗಳ ಭಾರ. ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅದು ವರ್ಷದ ಗೇಮ್ ಆಯಿತು. 2022ರ ‘ರಾಗ್ನರಾಕ್’ ಈ ನಾರ್ಸ್ ಕಥೆಯನ್ನು ಮುಗಿಸಿತು.

ಲೋಕ ಬದಲಿಸಿದರಷ್ಟೇ ಸಾಲದು. ‘ಮಾಸ್ ಎಫೆಕ್ಟ್’ ಸರಣಿಯಲ್ಲಿ ನಾಯಕ ಶೆಪರ್ಡ್‌ನ ಕಥೆ 2012ರಲ್ಲಿ ಮುಗಿಯಿತು. 2017ರ ‘ಆಂಡ್ರೊಮಿಡಾ’ ಹೊಸ ನಾಯಕ, ಹೊಸ ಗ್ಯಾಲಕ್ಸಿ ಎರಡನ್ನೂ ತಂದಿತು. ಆದರೆ ಪಾತ್ರಗಳ ಪೇಲವ ಮುಖಭಾವ ಟೀಕೆಗೆ ಗುರಿಯಾಯಿತು. ಕಥೆ ಬೆಳೆಸುವ ಹೆಚ್ಚುವರಿ ಅಧ್ಯಾಯಗಳೂ ಬರಲಿಲ್ಲ.

ಮುಗಿದ ಕಥೆಯ ಪರಿಣಾಮಗಳಿಂದ ಹೊಸ ಪ್ರಶ್ನೆ ಹುಟ್ಟಿದರೆ ಸರಣಿ ಮುಂದುವರಿಯಬೇಕು. ಹೆಸರಷ್ಟೇ ಉಳಿದಿದ್ದರೆ ನಿಲ್ಲಿಸುವುದೇ ಲೇಸು.