ಹಳೇ ಪ್ಲೇಟಿಗೆ ಎರಡು ಬೀಗ!

1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡಿದ್ರಲ್ಲ, ಆ ಹಾಡು ಯಾರದ್ದು ಸ್ವಾಮಿ? ‘ಅಣ್ಣಾವ್ರದ್ದು, ಇನ್ಯಾರದ್ದು!’ ಅಂತ ಕೈ ಎತ್ತೋ ಅಭಿಮಾನಿಗಳು ಸ್ವಲ್ಪ ತಾಳಿ. ಹಾಡಿದವರಿಗೂ ಹಕ್ಕಿದೆ ಅನ್ನೋ ಮಾತು 1994ರ ತಿದ್ದುಪಡಿಯವರೆಗೆ ನಮ್ಮ ಕಾಪಿರೈಟ್ ಕಾಯಿದೆಯಲ್ಲಿ ಇರಲೇ ಇಲ್ಲ!

ಇದನ್ನೆಲ್ಲ ಕೆದಕೋಕೆ ಕಾರಣ ನನ್ನ ಗೆಳೆಯ. ಮಂಡ್ಯ ಕಡೆಯವನು, ಮೆಕ್ಯಾನಿಕ್. ದುಡಿದದ್ದರಲ್ಲಿ ಅರ್ಧ ಹಳೇ ಪ್ಲೇಟುಗಳಿಗೇ ಸುರಿದವನು. ಗುಜರಿ ಅಂಗಡಿ, ಮುಚ್ಚಿಹೋದ ಟೂರಿಂಗ್ ಟಾಕೀಸು, ಮೈಕ್ ಸೆಟ್ಟಿನವರ ಅಟ್ಟ, ಎಲ್ಲಿ ಸಿಕ್ಕರೆ ಅಲ್ಲಿಂದ ತಂದು, ತೊಳೆದು ಒರೆಸಿ, ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕುತ್ತಿದ್ದ. ಕೆಳಗೊಂದು ಸಾಲು: ‘ಹಕ್ಕು ಕಂಪನಿಯವರದೇ, ಇದು ಬರೀ ಅಭಿಮಾನ.’ ಒಂದು ಕಂಪನಿಯಿಂದ ದೂರು ಬಂತು. ಆಮೇಲೆ ಇನ್ನೆರಡು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತೆ, ಅದು ಅಲ್ಲಿನ ನಿಯಮ. ಇನ್ನೂರು ಚಿಲ್ಲರೆ ಹಾಡು ಒಂದೇ ರಾತ್ರಿಗೆ ಮಾಯ!

‘ಒಂದು ರೂಪಾಯಿ ದುಡಿದಿಲ್ಲ ಕಣೋ’ ಅಂದ. ನಿಜ. ಆದರೆ ಗೊತ್ತಿದ್ದೂ ಹಕ್ಕು ಮೀರಿದರೆ ಕಾಯಿದೆಯ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಲಾಭಕ್ಕೆ ಮಾಡಿಲ್ಲ ಅಂತಾದರೆ ನ್ಯಾಯಾಧೀಶರು ಶಿಕ್ಷೆ ಇಳಿಸಬಹುದು, ಅಷ್ಟೇ. ಇನ್ನು ಆ ‘ಹಕ್ಕು ಕಂಪನಿಯವರದೇ’ ಅನ್ನೋ ಸಾಲು? ‘ನನಗೆ ಗೊತ್ತಿತ್ತು’ ಅಂತ ತಾನೇ ಬರೆದುಕೊಟ್ಟ ಹಾಗಲ್ಲವೇ!

ಪ್ಲೇಟಿಗೆ 60 ವರ್ಷ ತುಂಬಿದರೆ ಎಲ್ಲ ಬಿಡುಗಡೆ ಅಂತ ನಮ್ಮ ಹುಡುಗರು ನಂಬಿದ್ದಾರೆ. ಅರ್ಧ ಮಾತ್ರ ಸರಿ. ಪ್ಲೇಟಿಗೊಂದು ಬೀಗ, ಒಳಗಿರೋ ಹಾಡಿಗೆ ಇನ್ನೊಂದು. ಪ್ಲೇಟಿನ ಬೀಗ ಅದು ಹೊರಬಂದ ವರ್ಷದಿಂದ 60 ವರ್ಷಕ್ಕೆ ಕಳಚುತ್ತೆ. ಹಾಡಿನದು ಬರೆದವರು, ರಾಗ ಹಾಕಿದವರು ತೀರಿಕೊಂಡ 60 ವರ್ಷದ ಮೇಲೆ. 1960ರ ‘ರಣಧೀರ ಕಂಠೀರವ’ ನೋಡಿ. ಆ ವರ್ಷ ಹೊರಬಂದ ಪ್ಲೇಟಿನ ಅವಧಿ 2020ರ ಡಿಸೆಂಬರಿಗೇ ಮುಗೀತು. ಆದರೆ ಹಾಡು ಬರೆದ ಬರಿಗಾಲ ಜಿ.ವಿ. ಅಯ್ಯರ್ ತೀರಿಕೊಂಡದ್ದು 2003ರಲ್ಲಿ. ಕೂಡಿಸಿ, 2063! ಎಮ್ಮೆ ಹಾಡಿನ ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್ ಇಬ್ಬರೂ 1993ರಲ್ಲೇ ಹೋದರು. ಪ್ಲೇಟು 2034ಕ್ಕೆ ಬಿಟ್ಟರೂ ಹಾಡು ಬಿಡೋದು 2053 ಕಳೆದ ಮೇಲೆ. ಅಲ್ಲಿವರೆಗೆ ಹಕ್ಕು ನಿರ್ಮಾಪಕರ ಕೈಯಿಂದ ಕಂಪನಿ ಕೈಗೆ ಓಡಾಡುತ್ತಿರುತ್ತೆ. ನಾಯಿ ಗುರುತಿನ ಎಚ್‌ಎಂವಿ ಪ್ಲೇಟು ಈಗೆಲ್ಲಿ ಬರುತ್ತೆ ಅಂತ ಉಡಾಫೆ ಬೇಡ. ಆ ಗ್ರಾಮಫೋನ್ ಕಂಪನಿಯೇ ಇಂದಿನ ಸರಿಗಮ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ‘ನ್ಯಾಯ ಎಲ್ಲಿದೆ’, ‘ಗಾಳಿ ಮಾತು’ ಚಿತ್ರಗಳ ಹಾಡನ್ನು ಅನುಮತಿಯಿಲ್ಲದೆ ‘ಬ್ಯಾಚುಲರ್ ಪಾರ್ಟಿ’ಯಲ್ಲಿ ಬಳಸಿದರು ಅಂತ ಎಂಆರ್‌ಟಿ ಮ್ಯೂಸಿಕ್ ದೂರಿತು. 2024ರಲ್ಲಿ ದಿಲ್ಲಿ ಹೈಕೋರ್ಟು ರಕ್ಷಿತ್ ಶೆಟ್ಟಿ ಕಡೆಯವರಿಗೆ 20 ಲಕ್ಷ ಠೇವಣಿ ಇಡಲು ಹೇಳಿತು.

ಹಾಗಂತ ಎಲ್ಲಕ್ಕೂ ಬೀಗ ಇಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಮೊದಲು ತುತ್ತೂರಿ ಮುಂದೆ ಹಾಡಿ, 1930ರಲ್ಲಿ ನಮ್ಮ ಮೈಸೂರಿನಲ್ಲಿ ಕಣ್ಣು ಮುಚ್ಚಿದ ಗೌಹರ್ ಜಾನ್ ತಾವೇ ಕಟ್ಟಿ ಹಾಡಿದ್ದನ್ನು ಧಾರಾಳವಾಗಿ ಹಂಚಿ. ಹಳೇ ಧಾಟಿಯ ದಾಸರ ಪದ, 60 ದಾಟಿದ ಪ್ಲೇಟು, ಅದೂ ಸಲೀಸು. ನಿಮ್ಮ ಪ್ಲೇಟನ್ನು ನಿಮ್ಮ ಕಿವಿಗೆ ಅಂತ ಇಳಿಸಿ ಇಟ್ಟುಕೊಂಡರೂ ಯಾರೂ ಕೇಳೋಲ್ಲ. ಕಾನೂನಿನ ಮೇಲೆ ನನಗಿರೋ ಸಿಟ್ಟು ಒಂದೇ: ಅರಗಿನ ಪ್ಲೇಟು ಕೈಜಾರಿದರೆ ಚೂರು, ಅದು 2063ರವರೆಗೆ ಕಾಯುತ್ತಾ?

ಗೆಳೆಯ ಈಗ ದಾಸರ ಪದ ಒಂದು ಕಡೆ, ಸಿನಿಮಾ ಪ್ಲೇಟು ಇನ್ನೊಂದು ಕಡೆ ಜೋಡಿಸಿದ್ದಾನೆ. ಸಿನಿಮಾದ್ದು ಹಾರ್ಡ್ ಡಿಸ್ಕಿಗೆ ಮಾತ್ರ. ಹೋದ ತಿಂಗಳು ಆ ಕಂಪನಿಗೇ ಕಾಗದ ಬರೆದ: ‘ನಿಮ್ಮಲ್ಲಿ ಇಲ್ಲದ ಹಾಡು ನನ್ನಲ್ಲಿವೆ, ಹಾಕೋಕೆ ಬಿಡ್ತೀರಾ?’ ಉತ್ತರ ಇನ್ನೂ ಬಂದಿಲ್ಲ.